ಎಲೆ ಒಂದು ರಾತ್ರಿ ದಡದಲ್ಲಿರಬೇಕು

ಹೊಂಗೆ ಎಲೆ ಬಿಡುವ ಕಾಲ ಶಿಶಿರವೆಂದು ಪಂಚಾಂಗ ಬಲ್ಲವರು ಹೇಳುತ್ತಿದ್ದರು. ಒಪ್ಪಿಕೊಳ್ಳುವ ಮೊದಲು ನಾನು ಹಿತ್ತಿಲ ಗೋಡೆಯ ಮೇಲೆ ಇದ್ದಿಲಿನಿಂದ ಗೀಟೆಳೆದು ಪರೀಕ್ಷಿಸತೊಡಗಿದೆ. ಒಂದು ವರ್ಷ ಶಿವರಾತ್ರಿಗೆ ಹದಿನೈದು ದಿನ ಮೊದಲೇ ಉದುರಿತು. ಮರುವರ್ಷ ಹೋಳಿ ಹುಣ್ಣಿಮೆಯವರೆಗೆ ಕಾಯಿಸಿತು. ಮೂರನೆಯ ವರ್ಷ ನನ್ನ ಹೆಂಡತಿ ಗೋಡೆಗೆ ಸುಣ್ಣ ಬಳಿದಳು. ಆದರೆ ಉದುರಲು ಹಿಡಿದ ಮೇಲೆ ಎರಡು ವಾರದಲ್ಲಿ ಮರ ಬೋಳಾಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ಎಲೆಯೆಲ್ಲ ಬೀಳುತ್ತಿದ್ದುದು ನನ್ನ ಕೊಳಕ್ಕೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಹೊಳಲ್ಕೆರೆಯ ಅಂಚಿನಲ್ಲಿ, ತಾಳ್ಯದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಗ್ರಂಥಾಲಯದಿಂದ ತಂದ ತೋಟಗಾರಿಕೆಯ ಪುಸ್ತಕವೊಂದನ್ನು ಓದಿ, ನಾನೇ ಅಗೆದು, ಸುತ್ತ ಚಪ್ಪಡಿ ಕಲ್ಲು ಹಾಸಿದ ಕೊಳವದು. ಎರಡು ಮಂಚ ಹಿಡಿಯುವಷ್ಟು ದೊಡ್ಡದು. ತಾವರೆಗೆಂದು ತೋಡಿದ್ದೆ. ತಾವರೆ ಬರಲಿಲ್ಲ. ಕಪ್ಪೆ ಬಂದವು, ಬಸವನಹುಳು ಬಂದವು, ಏರೋಪ್ಲೇನ್ ಚಿಟ್ಟೆಗಳು ಬಂದವು. ಕೊನೆಗೆ ನಮ್ಮೊಡನೆ ಇರಲು ಹೆಂಡತಿಯ ತಾಯಿ, ನನ್ನ ಅತ್ತೆ ಬಂದರು, ಒಂದು ಆಮೆಯೊಂದಿಗೆ.

ಬಾಗೂರಿನ ಅವರ ಮನೆಯ ಬಾವಿಗೆ ಪಂಪ್‌ಸೆಟ್ಟು ಕೂರಿಸಿ ಕಬ್ಬಿಣದ ಮುಚ್ಚಳ ಹಾಕಿದಾಗ, ಅದರೊಳಗಿನ ಆಮೆಯನ್ನು ಅತ್ತೆ ಹಿತ್ತಾಳೆ ಕೊಡದಲ್ಲಿಟ್ಟು, ಕೊಡದ ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ತಂದರು. ಕೊಡದಲ್ಲಿ ಏನೆಂದು ಕಂಡಕ್ಟರು ಕೇಳಿದ್ದಕ್ಕೆ ಗಂಗಮ್ಮ ಎಂದು ಕೈಮುಗಿದರಂತೆ; ಅವನೂ ಮುಗಿದನಂತೆ. ಅವರು ಮದುವೆಯಾಗಿ ಬಂದ ವರ್ಷ ಮಾವನವರು ಆ ಬಾವಿಗೆ ಬಿಟ್ಟ ಆಮೆ ಅದು. ಮಾವನವರು ಇಲ್ಲವಾಗಿ, ಬಾವಿಯೂ ಮುಚ್ಚಿದ ಮೇಲೆ, ಅತ್ತೆಯ ಆ ದಿನಗಳನ್ನು ಕಂಡ ಜೀವ ಅದೊಂದೇ ಉಳಿದಿತ್ತು.

ಆಮೆಯಿರುವ ನೀರು ಕೆಡುವುದಿಲ್ಲ ಎಂಬುದು ಅತ್ತೆಯ ನಂಬಿಕೆ. ನನ್ನ ಕೊಳದ ನೀರು ಆಮೆ ಬಂದ ಮೇಲೂ ಎಲೆ ಕೊಳೆತು ಕಷಾಯದ ಬಣ್ಣಕ್ಕೆ ತಿರುಗುತ್ತಿತ್ತು. ಇದನ್ನು ಅವರ ಗಮನಕ್ಕೆ ತರಲು ಒಂದು ತೊಡಕಿತ್ತು: ನಮ್ಮ ಮನೆತನಗಳಲ್ಲಿ ಅತ್ತೆ ಅಳಿಯ ನೇರವಾಗಿ ಮಾತಾಡುವ ವಾಡಿಕೆಯಿಲ್ಲ. ಮಾತೆಲ್ಲ ಹೆಂಡತಿಯ ಮೂಲಕವೇ ಸಾಗಬೇಕು. ನಾನು ಅರ್ಧ ಗಂಟೆ ಮಂಡಿಸಿದ ವಾದವನ್ನು ಆಕೆ ‘ಬ್ಯಾಡವಂತೆ’ ಎಂಬ ಒಂದು ಮಾತಿಗೆ ಇಳಿಸಿ ಅಡುಗೆಮನೆಗೆ ಮುಟ್ಟಿಸುತ್ತಿದ್ದಳು. ಅಲ್ಲಿಂದ ಉತ್ತರವೂ ಅಷ್ಟೇ ಸವೆದು ಬರುತ್ತಿತ್ತು.

ಆ ವರ್ಷ ಎಲೆ ಬೀಳುವ ಮೊದಲೇ ಕೊಳಕ್ಕೆ ಮೇಲೊಂದು ಹೊದಿಕೆ ಹಾಕುವುದೆಂದು ನಿಶ್ಚಯಿಸಿದೆ. ಹಿರೇಗುಂಟನೂರಿನ ಕಡೆಯಿಂದ ಬಂದು ಪಕ್ಕದ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದ್ದವನೊಬ್ಬನಿಂದ, ಮಂದೆಯ ಸುತ್ತ ಕಟ್ಟುವ ಹಳೆಯ ಬಲೆಯನ್ನು ಕೇಳಿ ತಂದು ನೀರಿನ ಮೇಲೆ ಬಿಗಿದೆ. ಅವನು ಬಂದು ಸುತ್ತ ನಡೆದು ನೋಡಿದ.

“ಭೇಷಾಗೈತೆ ಯಜಮಾನ್ರೇ. ಇನ್ನು ನಿಮ್ ಕೊಳಕ್ಕೆ ಒಂದು ಕುರಿನೂ ಬೀಳಾಕಿಲ್ಲ ಬಿಡ್ರಿ.”

ಎಲೆಗಳು ಬಲೆಯ ಕಣ್ಣುಗಳಿಂದ ನಿರಾತಂಕವಾಗಿ ಇಳಿದವು. ಬಲೆ ತೆಗೆದು ಹೆಂಡತಿಯ ಎರಡು ಹಳೆಯ ಸೀರೆಗಳನ್ನು ಕಟ್ಟಿದೆ. ಕಪ್ಪೆಗಳಿಗೆ ಒಂದು ಬಾಗಿಲು ಬಿಡಬೇಕೆಂದು ಅಡುಗೆಮನೆಯಿಂದ ಅಪ್ಪಣೆ ಬಂತು. ಅದರಲ್ಲಿ ಅರ್ಥವಿತ್ತಾದ್ದರಿಂದ ಒಂದು ಮೂಲೆಯನ್ನು ಗೇಣುದ್ದ ಎತ್ತಿ ಕಟ್ಟಿದೆ. ದಾರಿಯಲ್ಲಿ ಹೋಗುವವರು ಚಪ್ಪರವೆಂದು ಭಾವಿಸಿ ಯಾವಾಗ ಮುಹೂರ್ತ ಎಂದು ವಿಚಾರಿಸಿದರು. ನಾಲ್ಕನೆಯ ದಿನ ಎಲೆಯ ಭಾರಕ್ಕೆ ಸೀರೆಗಳು ಜಗ್ಗಿ ನೀರಿಗಿಳಿದವು.

ಉಳಿದದ್ದು ಒಂದೇ ಉಪಾಯ: ಬಿದ್ದದ್ದನ್ನು ಎಳೆದು ತೆಗೆಯುವುದು. ಬಿದಿರಿಗೆ ಕಬ್ಬಿಣದ ಹಲ್ಲು ಕಟ್ಟಿಸಿ ತಳದ ರಾಡಿಯ ಸಮೇತ ಬಾಚಲು ನಿಂತೆ. ಆಗ ಹೆಂಡತಿ ಅತ್ತೆಯ ಕಟ್ಟಳೆಯನ್ನು ತಂದಳು: ತೆಗೆದ ಎಲೆ ಒಂದು ರಾತ್ರಿ ದಡದಲ್ಲಿಯೇ ಇರಬೇಕು. ಕಾರಣ ಕೇಳಿ ಕಳುಹಿಸಿದೆ. ಎಲೆ ಗಂಗಮ್ಮನಿಗೆ ಹೇಳಿ ಹೋಗಬೇಕಂತೆ. ಇಂಥ ಕಾರಣವನ್ನು ನಾನು ಮಾನ್ಯ ಮಾಡುವುದಾದರೆ ಅಷ್ಟು ಪುಸ್ತಕ ಓದಿದ್ದೇಕೆ? ಎಲೆಗೆ ಬಾಯಿಲ್ಲ ಎಂದು ಹೇಳಿ ಕಳುಹಿಸಿ, ಹನ್ನೊಂದು ಮಂಕರಿ ತುಂಬಿ, ಸಂಜೆಯೊಳಗೆ ಎಲ್ಲವನ್ನೂ ಹೊತ್ತು ತಿಪ್ಪೆಗೆ ಸುರಿದೆ. ಕೊಳದ ತಳ ತೊಳೆದ ತಟ್ಟೆಯಂತಾಯಿತು.

ಮರುದಿನ ಹೆಂಡತಿ ಅಕ್ಕನ ಬಾಣಂತನಕ್ಕೆಂದು ಹೊಸದುರ್ಗಕ್ಕೆ ಹೋದಳು. ಹಾಲು ಕಾಯುವ ಹೊತ್ತಿಗೆ ಆಮೆ ಚಪ್ಪಡಿಯ ಮೇಲೆ ಬಿಸಿಲಿಗೆ ಬರುವುದೂ, ಅತ್ತೆ ಅದಕ್ಕೆ ಮುದ್ದೆಯ ಚೂರು ಹಾಕುವುದೂ ದಿನದ ನೇಮ. ಅಂದು ಆಮೆ ಬರಲಿಲ್ಲ. ಮಾರನೆಯ ದಿನವೂ ಮುದ್ದೆ ಕಲ್ಲಿನ ಮೇಲೆ ಒಣಗಿತು. ನಾನು ಪಡಸಾಲೆಯಲ್ಲಿ ಓದುತ್ತಿದ್ದಾಗ ಕಂಬದ ಹಿಂದಿನಿಂದ ದನಿ ಬಂತು.

“ಅಳಿಯಾರೇ, ಆಮೆ ಎಲ್ಲೈತೆ?”

ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅವರು ನನಗೆ ಆಡಿದ ಮೊದಲ ಮಾತು ಅದು. ನಾನು ಎದ್ದು ನಿಂತೆ.

ಸೊಂಟದವರೆಗಿನ ನೀರಿಗಿಳಿದು ಕಾಲಿನಿಂದ ತಳವನ್ನೆಲ್ಲ ತಡವಿದೆ. ಅಡಗಲು ಅಲ್ಲಿ ಏನನ್ನೂ ನಾನು ಉಳಿಸಿರಲಿಲ್ಲ. ತಲೆಯೆತ್ತಿದಾಗ ಅತ್ತೆ ತಿಪ್ಪೆಯ ಕಡೆ ನೋಡುತ್ತಿದ್ದರು. ನಾನು ಗುದ್ದಲಿ ತೆಗೆದುಕೊಂಡು ಓಡಿದೆ.

“ಗುದ್ದಲಿ ಬ್ಯಾಡ್ರಿ, ನೀರು ಹಾಕ್ರಿ. ಬದುಕಿದ್ರೆ ತಾನೇ ಬರ್ತೈತೆ.” ‘ಬದುಕಿದ್ರೆ’ ಎನ್ನುವಾಗ ಅವರ ದನಿ ಸಣ್ಣದಾಯಿತು.

ನೀರಿಗೂ ಆಮೆಯ ಬುದ್ಧಿಗೂ ಇಂಥ ಸಂಬಂಧವಿದೆಯೆಂದು ನಾನು ಎಲ್ಲಿಯೂ ಓದಿರಲಿಲ್ಲ. ಆದರೂ ಕೊಡ ಹೊತ್ತೆ. ಮೂರು ಕೊಡಕ್ಕೆ ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ಎಲೆ ಅಲುಗಿ ಒಂದು ಕಪ್ಪೆ ಹೊರಬಂತು. ಅತ್ತೆ ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಆರನೆಯ ಕೊಡ ಸುರಿದಾಗ, ನಾನು ಸೆಗಣಿಯ ಮುದ್ದೆಯೆಂದುಕೊಂಡಿದ್ದುದು ಕತ್ತು ಚಾಚಿತು.

ಅತ್ತೆ ಅದನ್ನು ಎತ್ತಿ ಸೆರಗಿನಿಂದಲೇ ಒರೆಸಿದರು. ಅದು ಮಲಗಿದ್ದ ಜಾಗದ ಸುತ್ತ ಒಣಗಿದ ಬಸವನಹುಳುಗಳೂ ಎಲೆಗಂಟಿ ಸತ್ತ ಗೊದಮೊಟ್ಟೆಗಳೂ ಕಂಡವು. ಕೊಳ ಚೊಕ್ಕಟ ಮಾಡುವೆನೆಂದು ಹೊರಟವನು ಕೊಳವನ್ನೇ ತಿಪ್ಪೆಗೆ ಸುರಿದಿದ್ದೆ.

“ಕಾರಣ ಕಾರಣ ಅಂತಿದ್ರಲ್ಲ, ನೋಡ್ಕಳ್ರಿ,” ಎಂದರು.

ತಪ್ಪು ಒಪ್ಪಿಕೊಂಡೆ, ಸಿದ್ಧಾಂತ ಬಿಟ್ಟುಕೊಡಲಿಲ್ಲ. ದಡದಲ್ಲಿಟ್ಟರೆ ಹುಳುಹುಪ್ಪಟೆ ತಾವೇ ನೀರಿಗೆ ಮರಳುತ್ತವೆ, ಕಾರಣ ಅದು. ಎಲೆ ಯಾರಿಗೂ ಹೇಳಿ ಹೋಗುವುದಿಲ್ಲ ಎಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

“ಯಾರಾದ್ರೂ ಹೇಳಿ ಹೋಗ್ಲಿ. ಒಂದು ರಾತ್ರಿ ಬೇಕೋ ಬ್ಯಾಡವೋ?”

ಅಂದಿನಿಂದ ದಿನಕ್ಕೆ ಒಂದೇ ಮಂಕರಿಯಷ್ಟು, ಅದೂ ಮೇಲೆ ತೇಲುವ ಎಲೆಯನ್ನು ಮಾತ್ರ ತೆಗೆದು, ನೀರಿನತ್ತ ಇಳಿಜಾರಾಗಿದ್ದ ಚಪ್ಪಡಿಯ ಮೇಲೆ ಹರವಿದೆ. ಮುಂಜಾನೆ ಮಣೆ ಹಾಕಿ ಕುಳಿತು, ಹುಳುಗಳು ಹಿಂದಿರುಗುವುದನ್ನು ಕಣ್ಣಾರೆ ಕಂಡ ಮೇಲೆಯೇ ನಂಬಿದೆ.

ಆಮೆ ಸಿಕ್ಕ ಬಳಿಕ ಅತ್ತೆ ವಾಡಿಕೆಗೆ ಮರಳಿದರು. ನನ್ನೊಡನೆ ಮಾತು ನಿಂತಿತು. ಹೆಂಡತಿ ಇನ್ನೂ ಹೊಸದುರ್ಗದಲ್ಲಿದ್ದಳು. ಒಂದು ಬೆಳಿಗ್ಗೆ ನಾನು ಮಂಕರಿ ಎತ್ತುತ್ತಿದ್ದಂತೆ, ಅವರು ಮುದ್ದೆಯ ಚೂರು ಹಾಕುತ್ತ, ನನಗೆ ಕೇಳುವಷ್ಟು ಗಟ್ಟಿಯಾಗಿ ಆಮೆಗೆ ಹೇಳಿದರು:

“ಇನ್ನೂ ಬಿಸಿಲೇ ಏರಿಲ್ಲ, ಆಗ್ಲೇ ಎತ್ತಾಕತ್ತಾರೆ. ಒಂದು ಗಳಿಗೆ ತಡೀಬಾರ್ದಾ ಅಂತ ಕೇಳಪ್ಪ.”

ನಾನು ಮಂಕರಿ ಕೆಳಗಿಟ್ಟು ಆಮೆಯ ಕಡೆ ತಿರುಗಿ, “ತಡೀತಾರಂತೆ ಅಂತ ಹೇಳು,” ಎಂದೆ.

ಆಮೆ ತಲೆಯನ್ನು ಒಳಗೆಳೆದುಕೊಂಡಿತು.