ನಮ್ಮ ಯಜಮಾನರ ಇಂಡಿಕೇಟರ್ ಬಲ್ಬುಗಳು

ನಮ್ಮ ಯಜಮಾನರು ಮುನೀಂದ್ರ, ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಸಂದರ್ಭ ಸಿಗಲಿಕ್ಕಿಲ್ಲ. ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ ಮೋಟಾರ್ ವೈಂಡಿಂಗ್ ಮಾಡಿ, ೨೦೧೨ರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು ಯಲಹಂಕದ ಮನೆಯಲ್ಲಿ ಕೂತರು. ಕೂತರು ಅಂದರೆ ತಪ್ಪಾಗುತ್ತದೆ. ಊಟದ ಮೇಜಿನ ಮೇಲೆ ಸೋಲ್ಡರಿಂಗ್ ಐರನ್ ಇಟ್ಟುಕೊಂಡು ಗಾಡಿಗಳ ಇಂಡಿಕೇಟರ್‌ಗೆ ಎಲ್‌ಇಡಿ ಬಲ್ಬು ತಯಾರಿಸಲು ಶುರುಮಾಡಿದರು.

ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಅಂಗಡಿ ಬಲ್ಬು ಈ ಮನೆಯ ಹೊಸ್ತಿಲು ದಾಟಬಾರದೆಂದು ಅಪ್ಪಣೆಯೂ ಆಯಿತು. ಅವರ ವಿಧಾನ ಹೀಗೆ: ಹಳೆಯ ಬಲ್ಬನ್ನು ನನ್ನ ಅಡುಗೆಮನೆ ಬಟ್ಟೆಯಲ್ಲಿ ಸುತ್ತಿ ಪಟ್ಟನೆ ಗಾಜು ಒಡೆಯುವುದು, ಬುಡದ ಹಿತ್ತಾಳೆ ಟೋಪಿಯನ್ನಷ್ಟೇ ಉಳಿಸಿಕೊಳ್ಳುವುದು, ಹಳೆಯ ಸಿಡಿಯನ್ನು ಕಾಸಗಲ ಕತ್ತರಿಸಿ ತೂತು ಕೊರೆದು ಆರು ಹಳದಿ ಎಲ್‌ಇಡಿ ಕೂರಿಸಿ ಆ ಟೋಪಿಗೆ ಬೆಸೆಯುವುದು. ನಮ್ಮ ಮದುವೆಯ ಸಿಡಿಯೂ ಹೀಗೇ ಹೋಯಿತು. ಪಕ್ಕದ ಮನೆಯ ಜಿಯಾವುಲ್ಲಾ ಅವರ ಆಟೋದಲ್ಲಿ ನನ್ನ ಧಾರೆಯ ಶಾಸ್ತ್ರ ಇವತ್ತಿಗೂ ಮಿಣುಕುತ್ತಿದೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ. ನಾನು ಬಾಗಲೂರಿನ ನರ್ಸರಿ ಶಾಲೆಯಲ್ಲಿ ಟೀಚರ್, ಎಂಟೂವರೆಗೆ ಸಹಿ ಹಾಕಬೇಕು. ನನ್ನನ್ನು ಸ್ಕೂಟಿಯಲ್ಲಿ ಬಿಟ್ಟುಬರುವುದು ಇವರ ಕೆಲಸ. ಆದರೆ ದಾರಿಯಲ್ಲಿ ಗ್ಯಾರೇಜು ಕಂಡಲ್ಲೆಲ್ಲ ನಿಲ್ಲಿಸಿ, ಸುಟ್ಟ ಬಲ್ಬು ಇದೆಯಾ ಎಂದು ಕೇಳಿ, ಮೆಕ್ಯಾನಿಕ್ಕಿಗೆ ಪಾಠ ಹೇಳಿ ಮುಂದೆ ಹೋಗಬೇಕು. ನಾನು ಟಿಫನ್ ಡಬ್ಬಿ ಹಿಡಿದು ರಸ್ತೆ ಬದಿಯಲ್ಲಿ ನಿಂತಿರಬೇಕು. ಕೊನೆಗೊಂದು ದಿನ ಹೆಡ್ ಮೇಡಂ ಕರೆದು, ಜೂನ್‌ನಲ್ಲಿ ಶಾಲೆ ಶುರುವಾದ ಮೇಲೂ ಹೀಗೇ ತಡವಾದರೆ ಬೇರೆ ಟೀಚರ್ ನೋಡಿಕೊಳ್ಳುತ್ತೇವೆ ಎಂದರು.

ನಲವತ್ತಾರರ ವಯಸ್ಸಿನಲ್ಲಿ ಗಾಡಿ ಕಲಿಯಲು ಹೊರಟೆ. ಕಲಿಸಿದವರೂ ಇವರೇ. ನಾನು ಎರಡು ಸಲ ಗಾಡಿಯನ್ನು ಬೇಲಿಗೆ ನುಗ್ಗಿಸಿದರೂ ಒಂದು ಮಾತು ಬೈಯಲಿಲ್ಲ, ಮುಳ್ಳು ಮಾತ್ರ ಕಿತ್ತರು. ಆದರೆ ಪರೀಕ್ಷೆಗೆ ದಿನ ಗೊತ್ತುಮಾಡಲು ಮೀನಮೇಷ ಎಣಿಸಿ ಎಣಿಸಿ, ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಮುಗಿಯುವ ದಿನವೇ ಆರ್‌ಟಿಓ ಟ್ರ್ಯಾಕಿಗೆ ಹೋಗುವಂತಾಯಿತು. ಅವತ್ತು ತಪ್ಪಿದರೆ ಮತ್ತೆ ಮೊದಲಿನಿಂದ ಶುರು, ಅಷ್ಟರಲ್ಲಿ ಜೂನ್ ಬಂದು ಕೆಲಸ ಹೋಗಿರುತ್ತದೆ.

ಅವತ್ತು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನಮ್ಮ ಸ್ಕೂಟಿಗೂ ನಾಲ್ಕು ಹೊಸ ಬಲ್ಬು ಹಾಕಿ ಕೈ ಒರೆಸಿಕೊಳ್ಳುತ್ತಿದ್ದರು. ಹಳೆಯವು ಮಂಕಾಗಿದ್ದವಂತೆ, ಇನ್‌ಸ್ಪೆಕ್ಟರ್ ಕಣ್ಣಿಗೆ ಬೀಳಬೇಕಲ್ಲ. ಒಂದೊಂದನ್ನೂ ಬ್ಯಾಟರಿಗೆ ಮುಟ್ಟಿಸಿ ಉರಿಸಿ ನೋಡಿದ್ದರಂತೆ. ಗಾಡಿಯಲ್ಲಿ ಹಾಕಿದ ಮೇಲೆ ಸ್ವಿಚ್ ಒತ್ತಿ ನೋಡಿರಲಿಲ್ಲ. ಉರಿಯುತ್ತಿದ್ದ ಹಳೆಯ ಬಲ್ಬುಗಳ ಗಾಜನ್ನು ಆಗಲೇ ಒಡೆದಾಗಿತ್ತು.

ಟ್ರ್ಯಾಕಿನಲ್ಲಿ ನಾನು ಎಡಗಡೆಯ ಇಂಡಿಕೇಟರ್ ಒತ್ತಿದೆ. ನಾಲ್ಕೂ ಒಟ್ಟಿಗೆ ಮಿಣುಕಿದವು. ಬಲಗಡೆ ಒತ್ತಿದೆ, ಆಗಲೂ ನಾಲ್ಕೂ. ಎಲ್‌ಇಡಿಗೆ ಎಳ್ಳಷ್ಟು ಕರೆಂಟು ಸಾಕಂತೆ, ಗಾಡಿಯ ಮೀಟರ್ ಬೋರ್ಡಿನ ಪುಟ್ಟ ದೀಪದ ಮೂಲಕ ಆಚೆ ಕಡೆಗೂ ಹರಿಯಿತಂತೆ. ಇದನ್ನು ನನಗೆ ಆಮೇಲೆ ಅರ್ಧ ಗಂಟೆ ವಿವರಿಸಿದರು. ಆ ಹೊತ್ತಿಗೆ ನನಗೆ ಕೇಳಿಸಿದ್ದು ಸಾಲಿನಲ್ಲಿದ್ದ ಹುಡುಗರ ನಗು ಮಾತ್ರ.

"ಯಾವ ಕಡೆ ಹೋಗ್ತೀರಮ್ಮಾ, ಎರಡೂ ಕಡೆಗಾ?" ಎಂದರು ಇನ್‌ಸ್ಪೆಕ್ಟರ್. ಹನ್ನೆರಡರೊಳಗೆ ಸರಿಮಾಡಿಸಿಕೊಂಡು ಬಂದರೆ ಸರಿ, ಇಲ್ಲದಿದ್ದರೆ ಹೊಸ ಅರ್ಜಿ ಎಂದೂ ಹೇಳಿದರು. ಆಗಲೇ ಹನ್ನೊಂದೂವರೆ. ನನಗೆ ಕಣ್ಣಲ್ಲಿ ನೀರು ತುಂಬಿತು.

ಬಲ್ಬು ಕೈಕೊಟ್ಟಾಗಲೆಲ್ಲ ತಪ್ಪು ಗಾಡಿಯದು, ವೈರಿನದು, ರಸ್ತೆಯದು ಎಂದು ವಾದಿಸುವ ಮನುಷ್ಯ ಇವರು. ಈಗಲೂ ಅದೇ ಹಾಡು ಬರುತ್ತದೆ ಅಂದುಕೊಂಡೆ. ಸಾಲು ದಾಟಿ ಬಂದವರೇ, "ತಪ್ಪು ನಂದು ಸಾರ್. ಅವಳು ಚೆನ್ನಾಗಿ ಓಡಿಸ್ತಾಳೆ" ಎಂದರು. ಆಮೇಲೆ ಮಂಡಿನೋವಿನ ಕಾಲಲ್ಲೇ ಗೇಟಿನಾಚೆಗೆ ಓಡಿದರು. ಇಪ್ಪತ್ತು ನಿಮಿಷದಲ್ಲಿ ಅಂಗಡಿಯಿಂದ ನಾಲ್ಕು ಬಲ್ಬು ಕೊಂಡುತಂದು, ಎಲ್ಲರೆದುರು ನೆಲದ ಮೇಲೆ ಕೂತು ಹಾಕಿಕೊಟ್ಟರು. ನಾನು ಪಾಸಾದೆ.

ಹೊರಗೆ ಹೋಟೆಲಿನಲ್ಲಿ ಕಾಫಿ ತರಿಸಿದರು. ನನಗಿನ್ನೂ ಉರಿ ಆರಿರಲಿಲ್ಲ. "ನಿಜ ಹೇಳಿ, ನಾನು ಫೇಲಾಗ್ಲಿ ಅಂತ ಬೇಕಂತ್ಲೇ ಮಾಡಿದ್ರಾ?" ಎಂದು ಕೇಳಿಯೇಬಿಟ್ಟೆ.

ಲೋಟ ಕೆಳಗಿಟ್ಟರು. "ಬೇಕಂತ ಮಾಡ್ಲಿಲ್ಲ ಕಣೆ ಆಶಾ. ಆದ್ರೆ ನಾಲ್ಕೂ ಒಟ್ಟಿಗೆ ಮಿಣುಕ್ದಾಗ ಒಂದ್ ಗಳಿಗೆ ಖುಷಿ ಆಯ್ತು. ಇನ್ನೊಂದಷ್ಟು ದಿನ ನಾನೇ ಬಿಟ್ ಬರ್ಬೋದಲ್ಲ ಅಂತ. ಆಮೇಲೆ ನಿನ್ ಮುಖ ನೋಡ್ದೆ."

ಬೈಯಲು ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದೆ. ಆದರೆ ಅಳು ಬಂತು. ಕಾಫಿ ಆರುತ್ತೆ, ಕುಡೀರಿ ಎಂದೆ.

ಜೂನ್ ಒಂದನೇ ವಾರ ಲೈಸೆನ್ಸ್ ಕೈಯಲ್ಲಿ ಹಿಡಿದು ಒಬ್ಬಳೇ ಶಾಲೆಗೆ ಹೊರಟೆ. ಇವರು ಗೇಟಿನವರೆಗೆ ಬಂದು, ಹುಷಾರು ಎಂದು ಮೂರು ಸಲ ಹೇಳಿದರು. ಎಂಟು ಗಂಟೆಗೇ ಬಾಗಲೂರು ಬಂದುಬಿಟ್ಟಿತು. ದಾರಿ ಇಷ್ಟು ಹತ್ತಿರವೆಂದು ನನಗೆ ಗೊತ್ತೇ ಇರಲಿಲ್ಲ, ಇಷ್ಟು ಬೇಸರದ್ದೆಂದೂ.