ಸೀರೆಯ ಹಿಂದಿನ ಕುರ್ಚಿ

ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳಾದ ಉರಿಗಾಂ ಲೈನಿನ ನಮ್ಮ ರಾಧಾಮಣಿಯಕ್ಕನ ಕೈಗೆ ಸಿಕ್ಕರೆ ಯಾರಿಗೂ ಬಿಡುಗಡೆಯಿಲ್ಲ. ತಮ್ಮ ತಾಯಿಯ ಹಳೆಯ ಸೀರೆಯನ್ನೇ ಪರದೆಯಾಗಿ ಕಟ್ಟಿ, ಅದರ ಹಿಂದೆ ಕೂರಿಸಿ, "ಮನೇಲಿ ಮಾತಾಡ್ದಂಗೇ ಮಾತಾಡಿ" ಅನ್ನುತ್ತಾರೆ. ಬಂಗಾರಪೇಟೆಯ ಹಾಲಿನವರು, ನಂದಿದುರ್ಗ ಗಣಿಯ ತಮಿಳು ತಾತಂದಿರು, ಎಲ್ಲರೂ ಅಲ್ಲಿ ಕೂತವರೇ. ಬೀದಿಯ ಮೇಕೆಗಳನ್ನಷ್ಟೇ ಬಿಟ್ಟಿದ್ದಾರೆ. ಮುಖ ಕಾಣದೆ ಬರೀ ಮಾತು ಕೇಳಿಸಿಕೊಂಡ ನಮ್ಮನ್ನು, "ಇವ್ರಿಗೆ ಆಫೀಸಲ್ಲಿ ಕೆಲ್ಸ ಕೊಡ್ತೀರಾ?" ಎಂದು ಅಕ್ಕ ಕೇಳುವುದು, ನಾವು ಗೊಳ್ಳೆಂದು ನಗುವುದು, ಸೀರೆ ಸರಿದಾಗ ಪಕ್ಕದ ಮನೆಯವರ ಮುಖ ಕಂಡು ತಲೆ ತಗ್ಗಿಸುವುದು, ಇದೇ ಪ್ರತಿ ಭಾನುವಾರದ ಪಾಠ. ಆದರೂ ಮುಂದಿನ ವಾರ ಮತ್ತೆ ನಗುತ್ತೇವೆ. ಮೊನ್ನೆ ಕೊನೆಯಲ್ಲಿ ಒಂದು ಮುದಿ ದನಿ, "ಉಂಡ್ಕಂಡ್ ಓಗ್ರಪ್ಪಾ, ಉಸಾರಾಗಿ ಓಗ್ಬನ್ನಿ" ಅಂದಿತು. "ಈ ಬಾಯಿಗೆ ಆಫೀಸು ಬೇರೆ ಕೇಡು!" ಎಂದು ಯಾರೋ ಕೂಗಿದರು, ಲೈನಿಗೆ ಲೈನೇ ನಕ್ಕಿತು. ಸೀರೆ ಸರಿಯಿತು. ಖಾಲಿ ಕುರ್ಚಿ, ಅದರ ಮೇಲೊಂದು ಫೋನು. ಎಂದೋ ರೆಕಾರ್ಡ್ ಮಾಡಿಟ್ಟ ಆ ದನಿ ಅಕ್ಕನ ತಾಯಿ ಅಮ್ಮಾಜಮ್ಮನದು. ನಮಗೆಲ್ಲ ಮುದ್ದೆ ಉಣಿಸಿ ಬೆಳೆಸಿ, ಹೋದ ವರ್ಷ ತೀರಿಕೊಂಡವರು. ಮಾತಿನ ಧಾಟಿಗೆ ನಕ್ಕವರಿಗೆ ಅದು ಯಾರ ದನಿಯೆಂದು ಹೊಳೆದಿರಲೇ ಇಲ್ಲ. ಅಕ್ಕ ಫೋನು ಆರಿಸಿ, ಸೆರಗಿನಲ್ಲಿ ಕಟ್ಟಿಕೊಂಡು, ಸೀರೆ ಮಡಚತೊಡಗಿದರು. ಆಗ ಖಾಲಿ ಕುರ್ಚಿಯ ಕಡೆಯಿಂದ ಅದೇ ದನಿ, ಬೇಜಾರಿಲ್ಲದೆ, ಕೇಳಿತು: "ಯಾಕ್ರಪ್ಪಾ, ನಗೋದ್ ನಿಲ್ಲಿಸ್ಬುಟ್ರಿ?"