ಮರಿಯಂ ಗೇಟಿನ ಹೊರಗೆ ನಿಂತದ್ದು

ಮರಿಯಂ ಹುಟ್ಟಿದ್ದು ಮಲಯರ ನಾಡು ಕೆಲಾಂಟನ್ನಿನ ಒಂದು ಚೀನೀ ಮನೆಯಲ್ಲಿ, ಬೆಳೆದದ್ದು ಮೂರು ಮನೆ ಆಚೆಯ ಮಲಯರ ಮನೆಯಲ್ಲಿ. ಐದನೆಯದೂ ಹೆಣ್ಣಾಯಿತೆಂದು ಹೆತ್ತವಳು ಮೆಕ್ ಎಂಗ್, ನಲವತ್ತು ದಿನದ ಕೂಸನ್ನು ಮಕ್ಕಳಿಲ್ಲದ ನೆರೆಯವಳ ಮಡಿಲಿಗೆ ಹಾಕಿದ್ದಳು. ಆಗೆಲ್ಲ ಅದು ಯಾರಿಗೂ ದೊಡ್ಡ ಸಂಗತಿಯಲ್ಲ. ಮರಿಯಂ ಕುರಾನ್ ಕಲಿತಳು, ಒಂದು ಹೊತ್ತಿನ ನಮಾಜೂ ತಪ್ಪಿಸಲಿಲ್ಲ. ಚೀನೀ ಹೊಸವರ್ಷಕ್ಕೆ ತಪ್ಪದೆ ಹೆತ್ತವಳ ಮನೆಗೆ ಹೋಗಿ, ಹಂದಿಮಾಂಸ ಸೋಕದಂತೆ ತನಗೆಂದೇ ಬೇರೆ ಎತ್ತಿಟ್ಟ ಪಾತ್ರೆಯಲ್ಲಿ ಬೇಯಿಸಿದ ಮೀನುಸಾರು ಉಂಡು ಬರುತ್ತಿದ್ದಳು. ಐವತ್ತು ವರ್ಷ ದೇವರಿಗೂ ಅದರಿಂದ ತೊಂದರೆಯಾದಂತೆ ಕಾಣಲಿಲ್ಲ.

ತೊಂದರೆಯಾದದ್ದು ಮಗ ರುಸ್ದಿಗೆ. ಪಟ್ಟಣದ ಕಾಲೇಜಿನಿಂದ ಗಡ್ಡ ಬಿಟ್ಟುಕೊಂಡು ಬಂದವನು ಮಸೀದಿಯಲ್ಲಿ ಪಾಠ ಹೇಳತೊಡಗಿದ. ಊರೇ ಅವನ ಮಾತು ಕೇಳುವಾಗ ಹೆತ್ತ ತಾಯಿ ಕೇಳದಿದ್ದರೆ ಹೇಗೆ? ಹೊಸವರ್ಷದ ಊಟ ನಿಂತಿತು. ಮೂರು ಮನೆಯ ದೂರ ಮೂರು ಊರಿನಷ್ಟಾಯಿತು.

ಈ ವರ್ಷ ಮೆಕ್ ಎಂಗ್ ತೀರಿಕೊಂಡಳು. ಕೊನೆಗೊಮ್ಮೆ ಮುಖ ನೋಡಬೇಕೆಂದು ಮರಿಯಂ ಹಟ ಹಿಡಿದಾಗ ರುಸ್ದಿಯೇ ಜೊತೆಗೆ ಬಂದ. ಆದರೆ ಗೇಟಿನ ಹತ್ತಿರ ಅವಳ ಕೈ ಹಿಡಿದು ನಿಲ್ಲಿಸಿಬಿಟ್ಟ.

"ಒಳಗೆ ಪೂಜೆ ನಡೀತಿದೆ ಕಣಮ್ಮ. ಮುಗೀಲಿ."

"ಮುಗಿಯೋ ಹೊತ್ತಿಗೆ ಪೆಟ್ಟಿಗೆ ಮುಚ್ಚಿಬಿಡ್ತಾರಲ್ಲೋ!"

"ಇಂಥ ಪೂಜೆಗೆ ಹೋಗ್ಬೇಡಿ ಅಂತ ಊರಿಗೆಲ್ಲ ಹೇಳೋನು ನಾನು. ನೀನೇ ಹೋದ್ರೆ ನಾನು ಯಾವ ಮುಖ ಇಟ್ಕೊಂಡು ಪಾಠ ಹೇಳ್ಲಿ?" ಹಾಗೆಂದವನ ಕಣ್ಣೂ ಒದ್ದೆಯಾಗಿತ್ತು. ಆ ಅಜ್ಜಿಯ ತೊಡೆಯ ಮೇಲೆಯೇ ಆಡಿ ಬೆಳೆದವನಲ್ಲವೇ ಅವನು!

ಒಳಗಿನಿಂದ ಮರಿಯಂಳ ಒಡಹುಟ್ಟಿದ ತಮ್ಮ ಆಚುವಾನ್ ಬಂದ. "ಅಕ್ಕ, ಊದುಬತ್ತಿ ಮುಟ್ಬೇಡ. ಸುಮ್ನೆ ಬಂದು ನಿಂತ್ಕೊ, ಸಾಕು. ಏನೋ ಉಸ್ತಾದ್, ನಿಮ್ಮಮ್ಮ ನಿಂತ್ಕೊಂಡ್ರೂ ಧರ್ಮ ಕೆಡುತ್ತೇನೋ?"

"ಮಾಮ, ನನ್ನ ಕೇಳ್ಬೇಡಿ" ಎಂದ ರುಸ್ದಿ. ಹಿಡಿದ ಕೈ ಬಿಡಲಿಲ್ಲ. ತಮ್ಮ ಮತ್ತೆ ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ಗೇಟಿನ ಕಡೆ ತಿರುಗಿದರು. ಅಕ್ಕಂದಿರು, ತಮ್ಮ, ಸೊಸೆಯಂದಿರು, ಮೊಮ್ಮಕ್ಕಳು. ಎಲ್ಲರೂ ತನ್ನ ದಾರಿಯನ್ನೇ ಕಾಯುತ್ತಿದ್ದಾರೆ ಎಂದುಕೊಂಡಳು ಮರಿಯಂ. ಮಗನ ಕೈ ಕೊಡವಿ ಒಳಗೆ ಓಡಿದಳು.

"ಅಕ್ಕಾ, ನೋಡ್ಬೇಡ! ಆ ಕಡೆ ತಿರುಗು!" ತಮ್ಮ ಕೂಗಿದ.

ನೋಡಿದರೆ ಕೇಡೆಂದು, ಪೆಟ್ಟಿಗೆಗೆ ಮುಚ್ಚಳ ಹಾಕುವಾಗ ಹೆತ್ತ ಮಕ್ಕಳೂ ಬೆನ್ನು ತಿರುಗಿಸಬೇಕು. ಆ ಮನೆಯಲ್ಲಿ ಬೆಳೆದ ಕೂಸಿಗೂ ಗೊತ್ತಿದ್ದ ಮಾತು. ಮರಿಯಂ ಆ ಮನೆಯಲ್ಲಿ ಬೆಳೆದಿರಲಿಲ್ಲ.

ಅವಳು ತಿರುಗಿದಳು. ಹಿಂದೆ ಮೊಳೆ ಹೊಡೆಯುವ ಸದ್ದು ಶುರುವಾಯಿತು. ತಾಯಿಯ ಮುಖ ನೋಡಲು ಬಂದವಳು ಎಲ್ಲರ ಜೊತೆ ರಸ್ತೆ ನೋಡುತ್ತ ನಿಂತಳು.